ಸಂಘ ಇದೆ, ಸರದಿ ಇಲ್ಲ

ನಮ್ಮೂರಿನಲ್ಲಿ ಒಟ್ಟು ಎಷ್ಟು ಸಂಘಗಳಿವೆ ಎಂದು ಯಾರಾದರೂ ಲೆಕ್ಕ ಹಾಕಿದ್ದೀರಾ? ಈ ಲೇಖನಕ್ಕೋಸ್ಕರ ನಾನು ಹಾಕಿದೆ. ಯುವಕ ಸಂಘ ಒಂದು. ಅದರಿಂದ ಮುನಿಸಿಕೊಂಡು ಹೊರಬಂದ ಗೆಳೆಯರ ಬಳಗ ಒಂದು. ಗಣಪತಿ ಸೇವಾ ಸಮಿತಿ, ಭಜನಾ ಮಂಡಳಿ, ಹಾಲಿನ ಸೊಸೈಟಿ, ಮೀನು ಹಿಡಿಯುವವರ ಸಂಘ ಒಂದೊಂದು. ಸ್ತ್ರೀಶಕ್ತಿ ಸಂಘಗಳು ನಾಲ್ಕು. ಕೆರೆ ಅಭಿವೃದ್ಧಿ ಸಮಿತಿ ಎಂದು ಏರಿ ಮೇಲೆ ಒಂದು ಬೋರ್ಡು. ಕೊನೆಗೆ ನಮ್ಮ ಶಾಲೆಯ ಇಕೋ ಕ್ಲಬ್. ಕೂಡಿದರೆ ಹನ್ನೆರಡು! ಇನ್ನೂರು ಚಿಲ್ಲರೆ ಮನೆಗಳ ಊರಿಗೆ ಹನ್ನೆರಡು ಸಂಘ. ಆದರೂ ಈ ವರ್ಷ ಮುಂಗಾರು ಬಂದಾಗ ಕೆರೆಗೆ ನೀರು ತರುವ ಕಾಲುವೆಯ ಬಾಯಿ ಜಾಲಿಮುಳ್ಳು, ಪ್ಲಾಸ್ಟಿಕ್ಕಿನಿಂದ ಮುಚ್ಚಿಕೊಂಡೇ ಇತ್ತು. ಬಂದ ನೀರು ದಾರಿ ತಪ್ಪಿ ಹೊಲಕ್ಕೆ ನುಗ್ಗಿತು.

ಮಾನ್ಯ ಗುರುಗಳೇ, ಗೆಳೆಯ ಗೆಳತಿಯರೇ, ಇದನ್ನು ಈಗ ಯಾಕೆ ಬರೀತಿದೀನಿ ಅಂದರೆ, ಗಾಂಧಿ ಜಯಂತಿಯ ದಿನ ಎಲ್ಲ ಸಂಘಗಳೂ ಸೇರಿ ಕೆರೆಯಲ್ಲಿ ದೊಡ್ಡ ಶ್ರಮದಾನ ಮಾಡಬೇಕೆಂದು ಮಾತುಕತೆ ನಡೆದಿದೆ. ಶಾಮಿಯಾನ ಹಾಕ್ತಾರಂತೆ, ಮೈಕ್ ತರ್ತಾರಂತೆ, ಎಲ್ಲರಿಗೂ ಚಿತ್ರಾನ್ನ ಇರುತ್ತಂತೆ. ನಮ್ಮ ಶಾಲೆಯಿಂದ 8, 9 ಮತ್ತು 10ನೇ ತರಗತಿಯವರು ಹೋಗಬೇಕು. ಹೋಗೋಣ, ಬೇಡ ಅನ್ನೋದಿಲ್ಲ. ಆದರೆ ಅಕ್ಟೋಬರ್ 3ನೇ ತಾರೀಖು ಯಾರ ಪಾಳಿ? ನವೆಂಬರಿನಲ್ಲಿ ಯಾರದು? ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಸಂಘಗಳಿಗೆ ಜನ ಕಮ್ಮಿ ಇಲ್ಲ, ಒಳ್ಳೆ ಮನಸ್ಸೂ ಕಮ್ಮಿ ಇಲ್ಲ. ಇಲ್ಲದೆ ಇರೋದು ಸರದಿ. ಯಾವ ತಿಂಗಳು, ಯಾವ ಕೆಲಸ, ಯಾರ ಪಾಳಿ ಎಂದು ಬರೆದಿಟ್ಟ ಒಂದು ಪಟ್ಟಿ ಇಲ್ಲ. ಅದಿಲ್ಲದ ಸಂಘ ದಾರ ಇಲ್ಲದ ಹೂವಿನ ಹಾಗೆ. ಹೂವು ಬುಟ್ಟಿ ತುಂಬಾ ಇರುತ್ತೆ, ಮಾಲೆ ಆಗೋದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಲೆಕ್ಕದ ಮೇಷ್ಟ್ರು ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಲಿ. ನಮ್ಮ ಕೆರೆಯಲ್ಲಿ ನೇರಳೆ ಹೂವಿನ ಅಂತರಗಂಗೆ ತುಂಬಿದೆಯಲ್ಲ, ಅದು ನಮ್ಮ ನಾಡಿನ ಗಿಡವಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಬಿಸಿಲು, ಗೊಬ್ಬರದ ನೀರು ಸಿಕ್ಕರೆ ಸುಮಾರು ಎರಡು ವಾರಕ್ಕೆ ದುಪ್ಪಟ್ಟಾಗುತ್ತದೆ. ಈಗ ನಾವೆಲ್ಲ ಸೇರಿ ಒಂದೇ ದಿನ ಹತ್ತರಲ್ಲಿ ಒಂಬತ್ತು ಪಾಲು ಕಿತ್ತು ಹಾಕಿದೆವು ಅನ್ನಿ. ಶಹಬ್ಬಾಸ್! ಉಳಿದದ್ದು ಒಂದು ಪಾಲು. ಎರಡು ವಾರಕ್ಕೆ ಅದು ಎರಡು ಪಾಲು, ನಾಲ್ಕು ವಾರಕ್ಕೆ ನಾಲ್ಕು ಪಾಲು, ಆರು ವಾರಕ್ಕೆ ಎಂಟು ಪಾಲು. ಅಂದರೆ ಮಕ್ಕಳ ದಿನಾಚರಣೆ ಹೊತ್ತಿಗೆ ಕೆರೆ ಹೆಚ್ಚೂ ಕಡಿಮೆ ಮೊದಲಿನ ಹಾಗೇ. ಅದೇ ಉಳಿದ ಒಂದು ಪಾಲನ್ನು ಎರಡು ವಾರಕ್ಕೊಮ್ಮೆ ಹತ್ತು ಜನ ಹೋಗಿ ಹೊಸದಾಗಿ ಬೆಳೆದಷ್ಟನ್ನು ಕಿತ್ತರೆ ಅದು ಒಂದು ಪಾಲಾಗೇ ಉಳಿಯುತ್ತದೆ. ಹನ್ನೆರಡು ಜನ ಹೋದರೆ ಕಮ್ಮಿಯೂ ಆಗಬಹುದು. ಒಂದು ದಿನ ಇನ್ನೂರು ಜನ ಬರೋದಕ್ಕಿಂತ ಎರಡು ವಾರಕ್ಕೊಮ್ಮೆ ಹತ್ತು ಜನ ತಪ್ಪದೆ ಬರೋದು ಮೇಲು ಎಂದು ಈ ಲೆಕ್ಕವೇ ಹೇಳುತ್ತದೆ.

ಇನ್ನು ಹೂಳಿನ ವಿಚಾರ. ಭಾಷಣ ಮಾಡುವವರೆಲ್ಲ "ಕೆರೆ ಹೂಳೆತ್ತೋಣ" ಅಂತಾರೆ. ಎಷ್ಟು ಹೂಳು ಎಂದು ಯಾರೂ ಹೇಳಲ್ಲ. ಒಂದು ಎಕರೆ ಅಂದರೆ 43,560 ಚದರ ಅಡಿ. ಅಲ್ಲಿ ಒಂದೇ ಅಡಿ ಆಳ ಹೂಳು ತೆಗೆದರೆ 43,560 ಘನ ಅಡಿ ಮಣ್ಣು. ಒಂದು ಪುಟ್ಟಿಗೆ ಅರ್ಧ ಘನ ಅಡಿ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ನೂರು ಜನ ದಿನಕ್ಕೆ ತಲಾ ಐವತ್ತು ಪುಟ್ಟಿ ಹೊತ್ತರೆ 2,500 ಘನ ಅಡಿ. ಒಂದು ಎಕರೆಗೆ ಹದಿನೇಳು ಹದಿನೆಂಟು ದಿನ ಬೇಕು. ನಮ್ಮ ಕೆರೆ ಸುಮಾರು ಅರವತ್ತು ಎಕರೆ. ದಿನವೂ ರಜೆ ಇಲ್ಲದೆ ಹೊತ್ತರೂ ಮೂರು ವರ್ಷ ಹತ್ತಿರ ಹತ್ತಿರ! ಇದು ನಮ್ಮ ಪುಟ್ಟಿಯ ಕೆಲಸವಲ್ಲ, ಯಂತ್ರದ ಕೆಲಸ, ಪಂಚಾಯ್ತಿ ಮತ್ತು ಇಲಾಖೆಯ ಕೆಲಸ. ಆದರೆ ಆ ಹೂಳು ಸುಮ್ಮನೆ ಮಣ್ಣಲ್ಲ ಎಂಬುದನ್ನೂ ತಿಳಿಯಬೇಕು. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ಕೂತರೆ ಸುಮಾರು 12 ಲಕ್ಷ ಲೀಟರ್ ನೀರಿನ ಜಾಗ ಹೋಯಿತು ಅಂತ ಅರ್ಥ. ಬೇಸಿಗೆಯಲ್ಲಿ ಕೆರೆ ಕೆಳಗಿನ ಬೋರ್‌ವೆಲ್ಲು ಬೇಗ ಕೈಕೊಡೋದಕ್ಕೆ ಇದೂ ಒಂದು ಕಾರಣ.

ಹಾಗಾದರೆ ನಮ್ಮ ಕೈಯ ಕೆಲಸ ಯಾವುದು? ಬೇಸಿಗೆಯಲ್ಲಿ ಪೂರ್ವಕಾಲುವೆಯ ಬಾಯಿ ಬಿಡಿಸೋದು. ಏರಿ ಮೇಲೆ ಜಾಲಿ ಸಸಿ ಇದ್ದಾಗಲೇ ಕೀಳೋದು. ಅದು ಮರವಾದರೆ ಬೇರು ಏರಿಯೊಳಗೆ ಇಳಿಯುತ್ತದೆ, ಮುಂದೆ ಬೇರು ಕೊಳೆತ ದಾರಿಯಲ್ಲಿ ನೀರು ಜಿನುಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಏರಿಯ ಹಿಂಬದಿ ನಡೆದುಕೊಂಡು ಹೋಗಿ ಹೆಗ್ಗಣದ ಬಿಲ ಇದೆಯಾ, ಒದ್ದೆ ಆಗಿದೆಯಾ ಎಂದು ನೋಡೋದು. ಕೋಡಿಗೆ ಕಸ ಕಟ್ಟದ ಹಾಗೆ ನೋಡಿಕೊಳ್ಳೋದು. ಇವೆಲ್ಲ ಸಣ್ಣ ಕೆಲಸ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಆದರೆ ಕೆರೆ ಉಳಿಯೋದು ಇವುಗಳಿಂದಲೇ. 2022ರ ಮಳೆಗೆ ರಾಮನಗರ, ಮಂಡ್ಯ, ಚಾಮರಾಜನಗರ ಕಡೆ ಎಷ್ಟೋ ಕೆರೆಗಳು ಕೋಡಿ ಬಿದ್ದು ಊರು, ರಸ್ತೆ ಎಲ್ಲ ನೀರಾಗಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ನಮ್ಮ ಏರಿಯ ಕೆಳಗೆ ಇರೋದು ಬರೀ ಗದ್ದೆಯಲ್ಲ. ಅಂಗನವಾಡಿ ಇದೆ, ಕಾಲೋನಿಯ ಮನೆಗಳಿವೆ. ಏರಿ ನೋಡೋದು ಯಾರ ಪಾಳಿ ಎಂದು ಗೊತ್ತಿಲ್ಲದ ಊರಿನಲ್ಲಿ ಅವರು ಹೇಗೆ ನಿದ್ದೆ ಮಾಡಬೇಕು?

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು. ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚೋದು, ಏರಿ ಕಾಯೋದು ಅವರ ಕೆಲಸ. ಸುಗ್ಗಿಯಲ್ಲಿ ಊರವರು ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೂ ಹಿಂದಿನ ಶಾಸನಗಳಲ್ಲಿ ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟದ್ದು, ಹೂಳು ಹೊರುವ ಬಂಡಿಯ ಖರ್ಚಿಗೆ ದತ್ತಿ ಕೊಟ್ಟದ್ದು ಸಿಗುತ್ತದೆ. ಆಗಿನವರು ಕೆರೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಮುಂದೆ ನೋಡಿಕೊಳ್ಳೋದು ಯಾರು, ಅದಕ್ಕೆ ಖರ್ಚು ಎಲ್ಲಿಂದ ಎಂದೂ ಕಲ್ಲಿನ ಮೇಲೆ ಬರೆಸಿದರು. ನಮ್ಮ ಕಾಲದಲ್ಲೂ ಪ್ರಯತ್ನ ಆಗಿದೆ. ಸುಮಾರು 36 ಸಾವಿರ ಕೆರೆಗಳಿರುವ ನಮ್ಮ ರಾಜ್ಯದಲ್ಲಿ 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಶುರುವಾದಾಗ, ಕೆರೆಯನ್ನು ಊರವರೇ ನೋಡಿಕೊಳ್ಳಲಿ ಎಂದು ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿಸಿದರು. 2006ರಿಂದೀಚೆಗೆ ಉದ್ಯೋಗ ಖಾತರಿಯಲ್ಲಿ ಎಷ್ಟೋ ಕೆರೆಗಳ ಹೂಳು ತೆಗೆದರು. ಯೋಜನೆ ಬರುತ್ತೆ, ಮುಗಿಯುತ್ತೆ. ಊರು ಮಾತ್ರ ಇಲ್ಲೇ ಇರುತ್ತೆ. ಯೋಜನೆ ಮುಗಿದ ಮಾರನೇ ದಿನಕ್ಕೂ ಒಂದು ಹೆಸರು ಬೇಕು.

ನಮ್ಮೂರಿನ ಹನ್ನೆರಡರಲ್ಲಿ ಯಾವ ಸಂಘ ಗಟ್ಟಿಯಾಗಿದೆ? ಹುಡುಗರು ಬೇಜಾರು ಮಾಡಿಕೊಳ್ಳಬಾರದು. ನಮ್ಮ ಅಮ್ಮಂದಿರ ಸ್ತ್ರೀಶಕ್ತಿ ಸಂಘಗಳೇ. ಸರ್ಕಾರ 2000-01ರಲ್ಲಿ ಈ ಯೋಜನೆ ಶುರು ಮಾಡಿತು. ನಮ್ಮ ಬೀದಿಯ ಸಂಘ ನಾನು ಹುಟ್ಟುವ ಮೊದಲಿಂದ ಇದೆ. ಅದಕ್ಕೆ ಬೋರ್ಡಿಲ್ಲ, ಬ್ಯಾನರಿಲ್ಲ, ಮೈಕಿಲ್ಲ. ವಾರಕ್ಕೊಂದು ಸಂಜೆ ಯಾರದಾದರೂ ಮನೆ ಜಗಲಿಯಲ್ಲಿ ಕೂರ್ತಾರೆ. ಹಣ ಎಣಿಸ್ತಾರೆ. ಪುಸ್ತಕದಲ್ಲಿ ಬರೀತಾರೆ. ಬರೆದದ್ದನ್ನು ಜೋರಾಗಿ ಓದ್ತಾರೆ. ಓದು ಬಾರದವರೂ ಕೇಳಿ ತಲೆಯಲ್ಲಿ ಇಟ್ಟುಕೊಳ್ತಾರೆ. ಸಭೆಗೆ ಬರದವರನ್ನು ಯಾಕೆ ಬರಲಿಲ್ಲ ಎಂದು ಕೇಳ್ತಾರೆ. ಜಗಳ ಇಲ್ಲವೇ? ಬೇಕಾದಷ್ಟು ಇದೆ. ಆದರೆ ಜಗಳ ಆಡಿದವರೂ ಮುಂದಿನ ವಾರ ಬಂದು ಕೂರ್ತಾರೆ, ಯಾಕಂದರೆ ಪುಸ್ತಕ ಅಲ್ಲಿದೆ. ನಮ್ಮ ಯುವಕ ಸಂಘ ಎರಡಾದದ್ದು ಗಣಪತಿ ಚಂದಾ ಲೆಕ್ಕದಲ್ಲಿ ಎಂದು ಊರಿಗೇ ಗೊತ್ತು. ಯಾರೂ ತಿಂದಿದ್ದರು ಅಂತ ನಾನು ಹೇಳೋದಿಲ್ಲ. ಲೆಕ್ಕ ಓದಿ ಹೇಳಲಿಲ್ಲ, ಅನುಮಾನ ಬೆಳೀತು, ಅಷ್ಟೆ. ಲೆಕ್ಕವನ್ನು ಗೋಡೆಗೆ ಅಂಟಿಸಿದ್ದರೆ ಇವತ್ತು ಒಂದೇ ಸಂಘ ಇರುತ್ತಿತ್ತೋ ಏನೋ.

ಕೆರೆ ಸಮಿತಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಬಟ್ಟೆ ಒಗೆಯಲು, ದನದ ಮೈ ತೊಳೆಯಲು ದಿನವೂ ಕೆರೆಗೆ ಹೋಗುವವರು ಅವರೇ. ನೀರು ಇವತ್ತು ಎಷ್ಟು ಮೆಟ್ಟಿಲು ಇಳಿದಿದೆ ಎಂದು ಸಮಿತಿಯವರಿಗಿಂತ ಮೊದಲು ಗೊತ್ತಾಗೋದು ಅವರಿಗೆ. ಮೀನು ಹಿಡಿಯುವವರ ಹೆಸರೂ ಇಲ್ಲ. ಕೋಡಿಯಲ್ಲಿ ಮೀನು ಹೊರಗೆ ಹೋಗದಿರಲಿ ಎಂದು ಅವರು ಬಲೆ ಕಟ್ಟುತ್ತಾರೆ. ಮರಿ ಬಿಟ್ಟು ಸಾಕಿದ ಮೀನು ಹಳ್ಳಕ್ಕೆ ಹೋದರೆ ನಷ್ಟ ಅವರಿಗೆ ತಾನೆ? ಆದರೆ ಆ ಬಲೆಗೆ ಅಂತರಗಂಗೆ, ಕಡ್ಡಿ ಸಿಕ್ಕಿಕೊಂಡರೆ ಕೋಡಿ ಕಟ್ಟಿಕೊಂಡು ನೀರಿನ ಭಾರ ಏರಿಯ ಮೇಲೆ ಬೀಳುತ್ತದೆ. ಗದ್ದೆಯವರು ಬಯ್ತಾರೆ, ಮೀನಿನವರು ಬಯ್ಯಿಸಿಕೊಳ್ತಾರೆ. ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿ, ಮಳೆ ಬಂದ ರಾತ್ರಿ ಬಲೆ ಬಿಚ್ಚೋದು ಯಾರು ಎಂದು ಬರೆದುಕೊಂಡರೆ ಬಯ್ಯುವ ಕೆಲಸವೇ ಇಲ್ಲ.

ಹೊರಗಿನ ಒಂದೆರಡು ಉದಾಹರಣೆ ಕೊಡುತ್ತೇನೆ. ಪಟ್ಟಣಗಳಲ್ಲಿ ರೋಟರಿ ಕ್ಲಬ್ ಎಂದು ಇದೆಯಲ್ಲ, ಅದು 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಶುರುವಾದದ್ದು. ಆ ಹೆಸರು ಯಾಕೆ ಬಂತು ಗೊತ್ತೇ? ಮೊದಮೊದಲು ಅವರ ಸಭೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸರದಿ ಪ್ರಕಾರ ಸುತ್ತಿ ಸುತ್ತಿ ನಡೆಯುತ್ತಿತ್ತು. ರೋಟರಿ ಅಂದರೆ ಸುತ್ತುವಂಥದ್ದು. ಪ್ರಪಂಚಕ್ಕೆಲ್ಲ ಹಬ್ಬಿದ ಸಂಘದ ಹೆಸರಿನಲ್ಲೇ ಸರದಿ ಇದೆ! ನಮ್ಮ ಅಮ್ಮಂದಿರು ಜಗಲಿಯಿಂದ ಜಗಲಿಗೆ ಸಭೆ ಮಾಡೋದೂ ಅದೇ ತಾನೆ?

ಎರಡನೆಯದು ನಮ್ಮ ಕರ್ನಾಟಕದ್ದೇ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಸುತ್ತಮುತ್ತಲಿನ ಕೆರೆ ಹೊಳೆಗಳಿಂದ ಮೀನು ತಂದು ಮರಿಗೆ ಕೊಡುತ್ತವೆ. 1990ರ ದಶಕದಲ್ಲಿ ಆ ಊರಿನ ಯುವಕರು ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ಸಾಕಿ ಬಿಡೋದು ಅವರ ಕೆಲಸ. ಬಿದ್ದ ಮರಿ ಗಾಂಧಿ ಜಯಂತಿವರೆಗೆ ಕಾಯೋದಿಲ್ಲ. ಅದಕ್ಕೆ ಅವತ್ತೇ ಮೀನು ಬೇಕು. 2007ರಲ್ಲಿ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಮೊದಲು ಊರವರು ಮಾಡಿದರು, ಆಮೇಲೆ ಸರ್ಕಾರದ ಬೋರ್ಡು ಬಂತು. ನಮ್ಮಲ್ಲಿ ಮೊದಲೇ ಬೋರ್ಡು ಬಂದಿದೆ.

ಒಬ್ಬರೇ ಮಹಾತ್ಮರು ಬಂದು ಎಲ್ಲ ಮಾಡ್ತಾರೆ ಎಂದು ಕೂರುವವರೂ ಇದ್ದಾರೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಲೇ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆಂದು ಕಟ್ಟೆಗಳನ್ನು ತೋಡಿಸಿದ ಸುದ್ದಿ 2020ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅವರು 2022ರಲ್ಲಿ ತೀರಿಕೊಂಡರು. ಅಂಥವರು ನೂರು ಊರಿಗೆ ಒಬ್ಬರು. ಅವರಿಗೆ ಕೈಮುಗಿಯೋಣ. ಆದರೆ ನಮ್ಮೂರಿಗೂ ಒಬ್ಬರು ಹುಟ್ಟಿ ಬರಲಿ ಎಂದು ಕಾಯುವುದು ಸರಿಯಲ್ಲ. ಹತ್ತು ಸಾಧಾರಣ ಜನ, ತಿಂಗಳಿಗೆ ಎರಡು ಗಂಟೆ. ಇಷ್ಟು ಸಾಕು.

"ಇದೆಲ್ಲ ಪಂಚಾಯ್ತಿ ಕೆಲಸ, ನಾವ್ಯಾಕೆ ಮಾಡಬೇಕು?" ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೂಳು, ತೂಬಿನ ರಿಪೇರಿ, ಒತ್ತುವರಿ ಬಿಡಿಸೋದು ಖಂಡಿತ ಪಂಚಾಯ್ತಿ, ಇಲಾಖೆಯ ಕೆಲಸ. ಶ್ರಮದಾನದ ಹೆಸರಿನಲ್ಲಿ ಅದನ್ನು ನಮ್ಮ ತಲೆ ಮೇಲೆ ಹಾಕಬಾರದು. ಆದರೆ ತೂಬು ಸೋರುತ್ತಿದೆ ಎಂದು ಪಂಚಾಯ್ತಿಗೆ ಹೇಳಬೇಕಾದರೆ ಯಾರಾದರೂ ನೋಡಿರಬೇಕಲ್ಲ? ಯಾವ ತಾರೀಖಿನಿಂದ ಸೋರುತ್ತಿದೆ ಎಂದು ಬರೆದಿರಬೇಕಲ್ಲ? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಮಕ್ಕಳ ಗ್ರಾಮಸಭೆಯನ್ನೂ ವರ್ಷಕ್ಕೊಮ್ಮೆ ಮಾಡಬೇಕು. ಅಲ್ಲಿ ಎದ್ದು ನಿಂತು "ಕೆರೆ ಸರಿ ಮಾಡಿಸಿ ಸಾರ್" ಅಂದರೆ "ಮಾಡೋಣ ಕೂತ್ಕೊಳ್ಳಮ್ಮ" ಅಂತಾರೆ. "ಜುಲೈ 8ರಿಂದ ತೂಬು ಸೋರ್ತಿದೆ, ಐದು ಸಲ ನೋಡಿದ್ದೀವಿ, ಇಲ್ಲಿದೆ ಪುಸ್ತಕ" ಅಂದರೆ ಕೂತ್ಕೊಳ್ಳಮ್ಮ ಅನ್ನೋದು ಕಷ್ಟ.

ನನ್ನ ಸಲಹೆಗಳು ಇಷ್ಟು:

1. ಗಾಂಧಿ ಜಯಂತಿಯ ದಿನ ಭಾಷಣದ ಬದಲು ಸರದಿ ಪಟ್ಟಿ ಮಾಡೋಣ. ಹನ್ನೆರಡು ಸಂಘ, ಹನ್ನೆರಡು ತಿಂಗಳು. ದೇವರೇ ಕೊಟ್ಟ ಲೆಕ್ಕ! ಒಂದೊಂದು ತಿಂಗಳು ಒಂದೊಂದು ಸಂಘದ ಪಾಳಿ. ಕೆಲಸ ಆ ತಿಂಗಳ ಮಳೆ ಬಿಸಿಲಿಗೆ ತಕ್ಕಂತೆ.

2. ಒಂದೇ ಒಂದು ಕೆರೆ ಪುಸ್ತಕ ಇರಲಿ. ಯಾರು ಹೋದರು, ಏನು ನೋಡಿದರು, ಏನು ಮಾಡಿದರು, ಎಷ್ಟು ಖರ್ಚಾಯಿತು. ತಿಂಗಳ ಕೊನೆಗೆ ಒಂದು ಪುಟ ನಕಲು ಮಾಡಿ ಹಾಲಿನ ಡೈರಿ ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಹಾಲು ಹಾಕಲು ಬರುವವರೆಲ್ಲ ಓದ್ತಾರೆ. ಲೆಕ್ಕ ಪುಸ್ತಕ ಬರೆಯೋದನ್ನು ಸ್ತ್ರೀಶಕ್ತಿಯವರು ಉಳಿದವರಿಗೆ ಹೇಳಿಕೊಡಲಿ.

3. ಕೆರೆ ಸಮಿತಿಗೆ ಸ್ತ್ರೀಶಕ್ತಿಯಿಂದ ಇಬ್ಬರು, ಮೀನಿನವರಿಂದ ಇಬ್ಬರು, ಕಾಲೋನಿಯಿಂದ ಇಬ್ಬರು ಸೇರಬೇಕು. ಜಮೀನು ಇರಲಿ ಬಿಡಲಿ, ಏರಿ ಒಡೆದರೆ ಮುಳುಗುವವರಿಗೆ ಮಾತಾಡುವ ಹಕ್ಕಿದೆ.

4. ಮಕ್ಕಳನ್ನು ನೀರಿಗೆ ಇಳಿಸಬಾರದು. ಇಟ್ಟಿಗೆಗೆಂದು ಮಣ್ಣು ತೋಡಿದ ಗುಂಡಿಗಳು ಎಲ್ಲೆಲ್ಲಿವೆ ಎಂದು ಮೇಲಿನಿಂದ ಕಾಣೋದಿಲ್ಲ. ಈಜು ಬರುವ ದೊಡ್ಡವರು ಅಂತರಗಂಗೆ ಎಳೆಯಲಿ, ನಾವು ದಡದಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕ್ತೀವಿ. ನೀರು ಇಳಿದಾಗ ಆ ಗುಂಡಿಗಳ ಹತ್ತಿರ ಕೆಂಪು ಬಟ್ಟೆ ಕಟ್ಟಿದ ಗಳ ನೆಡಲಿ.

5. ನಮ್ಮ ಇಕೋ ಕ್ಲಬ್ ಒಂದು ಕೆಲಸ ಖಾಯಂ ತೆಗೆದುಕೊಳ್ಳಲಿ. ತೂಬಿನ ಕಲ್ಲುಕಂಬಕ್ಕೆ ಅಡಿ ಗುರುತು ಹಾಕಿ, ಪ್ರತಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಬ್ಬರು ಏರಿ ಮೇಲಿಂದ ನೀರಿನ ಮಟ್ಟ ನೋಡಿ ಬರೆಯಬೇಕು. ಒಂದು ವರ್ಷ ಬರೆದರೆ ನಮ್ಮ ಕೆರೆ ಯಾವ ತಿಂಗಳು ಎಷ್ಟು ಇಳಿಯುತ್ತೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರದಷ್ಟು ಚೆನ್ನಾಗಿ ನಮಗೆ ಗೊತ್ತಿರುತ್ತದೆ. ಅಂಥ ಪುಸ್ತಕ ಎಂಜಿನಿಯರ್ ಬಂದರೂ ಕೇಳಿ ತೆಗೆದುಕೊಂಡು ನೋಡ್ತಾರೆ.

ಈ ಐದರಲ್ಲಿ ನಮ್ಮ ಕೈಯಲ್ಲೇ ಇರೋದು ಐದನೆಯದು. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಮುಖ್ಯೋಪಾಧ್ಯಾಯರದ್ದು ಬಿಟ್ಟು. ಈ ಗೋಡೆ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿ, ಜೂನ್‌ವರೆಗಿನ ಶನಿವಾರಗಳ ತಾರೀಖು ಬರೆದಿದ್ದೇನೆ. ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ಬೇಸಿಗೆ ರಜೆಯ ಶನಿವಾರಗಳೂ ಇವೆ. ಯಾಕಂದರೆ ಕೆರೆಗೆ ರಜೆ ಇಲ್ಲ, ನೀರು ಹೆಚ್ಚು ಇಳಿಯೋದು ಆಗಲೇ. ನಾವು ಹತ್ತನೆಯವರು ಮಾರ್ಚಿಗೆ ಶಾಲೆ ಬಿಟ್ಟು ಹೋಗ್ತೀವಿ, ಆದ್ದರಿಂದ ಏಪ್ರಿಲ್‌ನಿಂದ ಮುಂದಿನ ತಾರೀಖುಗಳಿಗೆ ಎಂಟು ಒಂಬತ್ತನೆಯವರು ಮೊದಲು ಹೆಸರು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೇ ಶನಿವಾರಕ್ಕೆ ಒಂದು ಹೆಸರು ನನ್ನದು. ಪಕ್ಕದ ಜಾಗ ಖಾಲಿ ಇದೆ.

ನನ್ನ ಅಭಿಪ್ರಾಯ ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ. ಒಪ್ಪುವವರು ಬರೆಯೋದು ಬೇಡ, ಹೆಸರು ಹಾಕಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ